ಹದಿನೇಳನೆಯ ಪ್ರಶ್ನೆಗೆ ಬರೆದ ಉತ್ತರ

ಮಾರ್ಚ್ ೪, ಮಂಗಳವಾರ

ಮೇಲ್ವಿಚಾರಣೆಯ ಸಾಹೇಬರಿಗೆ,

ನನ್ನ ಮೊಮ್ಮಗಳ ವಿಷಯವಾಗಿ ನೀವು ಕಳಿಸಿದ ಪ್ರಶ್ನೆಗಳ ಕಾಗದ ಬಂದು ತಲುಪಿತು. ಇಪ್ಪತ್ತನಾಲ್ಕು ಪ್ರಶ್ನೆ, ಒಂದೊಂದರ ಕೆಳಗೂ ಇರುವೆ ಮಲಗುವಷ್ಟು ಜಾಗ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ನನ್ನ ಅಕ್ಷರ ಅಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಲಾಂಡ್ರಿಯ ರಸೀದಿಗಳ ಹಿಂಬದಿಯಲ್ಲಿ ಬರೆದಿದ್ದೇನೆ. ಅಲ್ಲಲ್ಲಿ ನೀರಿನ ಕಲೆ ಕಂಡರೆ ಅದು ಕಣ್ಣೀರಲ್ಲ, ಇಸ್ತ್ರಿಗೆ ಮೊದಲು ಬಟ್ಟೆಗೆ ಚಿಮುಕಿಸುವ ನೀರು.

ನೀವು ಕಾಯಲು ಒಪ್ಪಿಕೊಂಡಿರುವ ಹುಡುಗಿ ಎಂಥವಳು ಎಂದು ಕೇಳಿದ್ದೀರಿ. ಶನಿ. ನನ್ನ ಮಗಳು ತೀರಿಹೋಗಿ ಒಂಬತ್ತು ವರ್ಷ, ಹೋಗುವಾಗ ಇದೊಂದನ್ನು ನನ್ನ ಕೊರಳಿಗೆ ಕಟ್ಟಿಹೋದಳು. ಈಗ ಇಪ್ಪತ್ತಮೂರು ತುಂಬಿದೆ. ನಿಮ್ಮ ಪಟ್ಟಣದ ಬಸ್ ಡಿಪೋದಲ್ಲಿ ಟಯರು ಬಿಚ್ಚುತ್ತಾಳೆ. ಅಲ್ಲಿನವರು ಬೋಲ್ಟು ಎಂದು ಕರೆಯುತ್ತಾರೆ. ಕರೆಯದೆ ಏನು, ತಲೆಯೊಳಗೆ ಇರುವುದು ಅದೇ ತಾನೇ.

ಗೆಳೆಯರು ಎಂಥವರು ಎಂದು ನಾಲ್ಕನೇ ಪ್ರಶ್ನೆ. ಎಲ್ಲ ಕಳ್ಳರೇ. ಜಿಗಣೆ ಎನ್ನುವ ಆ ಪೋಲಿ ಬಂದು, ‘ಸ್ಟೋರಿನ ಕೀಲಿ ಕೊಡು, ನನ್ನ ಜಾಕೆಟ್ಟು ಒಳಗೆ ಉಳಿದಿದೆ’ ಎಂದನಂತೆ. ಇವಳು ಎತ್ತಿ ಕೊಟ್ಟಳಂತೆ. ಹನ್ನೊಂದು ಬಸ್ಸಿನ ಬ್ಯಾಟರಿ ಆ ಜಾಕೆಟ್ಟಿನ ಜೇಬಿನಲ್ಲಿ ಹೋದವು. ಕೋಪ ಬರುತ್ತದೆಯೇ ಎಂದು ಒಂಬತ್ತನೇದು. ಮೂಗಿನ ತುದಿಯಲ್ಲೇ ಕೂತಿರುತ್ತದೆ. ಕೆಲಸದಲ್ಲಿ ಶ್ರದ್ಧೆ ಇದೆಯೇ ಎಂದರೆ, ಶುದ್ಧ ಸೋಮಾರಿ. ಬೆಳಿಗ್ಗೆ ಐದಕ್ಕೆ ಎದ್ದು ಡಿಪೋಗೆ ಹೋಗುತ್ತಾಳೆ, ಅದು ಬೇರೆ ಮಾತು. ಮಾಡಿದ್ದಕ್ಕೆ ನಾಚಿಕೆ ಇದೆಯೇ? ಆ ಮುಖದಲ್ಲಿ ನಾಚಿಕೆ ಹುಡುಕಲು ನಿಮ್ಮ ದೊಡ್ಡ ಸಾಹೇಬರು ಭೂತಗನ್ನಡಿ ತಂದರೂ ಆಗುವುದಿಲ್ಲ.

ಹದಿನೇಳನೇದು: ಈಕೆ ಮತ್ತೆ ತಪ್ಪು ಮಾಡಬಹುದೆಂದು ನಿಮಗೆ ಅನಿಸುತ್ತದೆಯೇ? ಮಾಡದೆ ಬಿಡುತ್ತಾಳೆಯೇ. ಇವತ್ತು ಕೀಲಿ ಕೊಟ್ಟವಳು ನಾಳೆ ಬಾಗಿಲನ್ನೇ ಕಿತ್ತು ತಲೆಯ ಮೇಲೆ ಹೊರಿಸಿ ಕಳಿಸುತ್ತಾಳೆ.

ಉಳಿದ ಪ್ರಶ್ನೆಗಳಿಗೂ ಇದೇ ಉತ್ತರವೆಂದು ತಿಳಿಯಿರಿ. ಬೈಯುವುದನ್ನೆಲ್ಲ ನಾನೇ ಬೈದಿದ್ದೇನೆ, ನಿಮಗೇನೂ ಉಳಿಸಿಲ್ಲ. ಜೈಲು ಬೇಡ, ಎರಡು ವರ್ಷ ಹೊರಗೇ ನಿಮ್ಮ ಕಣ್ಣಳತೆಯಲ್ಲಿರಲಿ ಎಂದು ನ್ಯಾಯಾಧೀಶರು ಹೇಳಿದ್ದಾರೆ. ಇನ್ನು ನೀವುಂಟು, ಅವಳುಂಟು. ದೊಡ್ಡ ಮನಸ್ಸು ಮಾಡಿ.

ಹುಡುಗಿಯ ಅಜ್ಜಿ

—

ಮಾರ್ಚ್ ೧೮

ಮಾನ್ಯರೇ,

ವಿಷಯ: ತಮ್ಮ ಮೊಮ್ಮಗಳ ಅಪಾಯ ಮಟ್ಟದ ನಿರ್ಧಾರ.

ತಾವು ಕಳಿಸಿದ ಸವಿವರ ಹೇಳಿಕೆಗೆ ಧನ್ಯವಾದಗಳು. ಕುಟುಂಬದವರು ಇಷ್ಟು ಮುಚ್ಚುಮರೆಯಿಲ್ಲದೆ ಬರೆಯುವುದು ಅಪರೂಪ. ನಮ್ಮ ಇಲಾಖೆ ಈಗ ಊಹೆಯ ಮೇಲೆ ನಡೆಯುವುದಿಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ, ಯಾವ ಲಕ್ಷಣವಿದ್ದವರು ಮತ್ತೆ ತಪ್ಪು ಮಾಡಿದರು ಎಂದು ಲೆಕ್ಕಹಾಕಿ ತಯಾರಿಸಿದ ಅಳತೆಗೋಲನ್ನು ಬಳಸುತ್ತೇವೆ. ತಮ್ಮ ಹೇಳಿಕೆಯನ್ನು ಸೇರಿಸಿದ ಮೇಲೆ ಆಕೆಗೆ ನಲವತ್ತಕ್ಕೆ ಮೂವತ್ತೊಂದು ಅಂಕ ಬಂದಿದ್ದು, ‘ಹೆಚ್ಚು ಅಪಾಯ’ದ ವರ್ಗಕ್ಕೆ ಸೇರಿಸಲಾಗಿದೆ.

ಅದರಂತೆ ಮಾರ್ಚ್ ೨೫ರಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ, ಒಟ್ಟು ಇಪ್ಪತ್ತಾರು ತರಗತಿಗಳಿಗೆ ಆಕೆ ಹಾಜರಾಗಬೇಕು. ಯೋಚಿಸುವ ರೀತಿಯನ್ನು ಬದಲಿಸುವ ತರಬೇತಿ ಅದು. ಪ್ರತಿ ಸೋಮವಾರವೂ ನಮ್ಮ ಕಚೇರಿಗೆ ಬಂದು ವರದಿ ಮಾಡಿಕೊಳ್ಳಬೇಕು.

ಒಂದು ತಿದ್ದುವ ಮಾತಿಗೆ ನಾಲ್ಕು ಮೆಚ್ಚುವ ಮಾತು ಸೇರಿದರೆ ನಡತೆ ಬೇಗ ಸುಧಾರಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಕುಟುಂಬದ ಬಳಕೆಗಾಗಿ ಒಂದು ಪಟ್ಟಿಯನ್ನು ಲಗತ್ತಿಸಿದೆ. ದಿನಕ್ಕೆ ಆಡಿದ ಮಾತುಗಳನ್ನು ಗುರುತು ಹಾಕಿ ತಿಂಗಳಿಗೊಮ್ಮೆ ಕಳಿಸಿಕೊಡಿ.

ಮೇಲ್ವಿಚಾರಣಾಧಿಕಾರಿ, ವಿಭಾಗ ಮೂರು

—

ಮಾರ್ಚ್ ೨೭, ಗುರುವಾರ

ಸಾಹೇಬರಿಗೆ,

ನಲವತ್ತು ವರ್ಷದಿಂದ ಆಸ್ಪತ್ರೆಯ ಕೋಟು, ಚಾದರ ಒಗೆದು ಇಸ್ತ್ರಿ ಹಾಕುತ್ತಿದ್ದೇನೆ. ರಕ್ತ, ಕೀವು, ವಾಂತಿ, ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ನಿಮ್ಮ ಕಾಗದವನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಓದಿದೆ.

ಮೂವತ್ತೊಂದು ಅಂಕವಂತೆ. ನನ್ನ ಬಾಯಿಂದ ಬಿದ್ದದ್ದನ್ನೆಲ್ಲ ಆಯ್ದು ತಕ್ಕಡಿಗೆ ಹಾಕಿದಿರಲ್ಲ, ನಿಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲವೇ?

ಇದನ್ನೂ ಬಿಡಿಸಿ ಹೇಳಬೇಕಾಗಿ ಬಂತು, ಹೇಳುತ್ತೇನೆ. ಇವಳಿಗೆ ಏಳು ವರ್ಷವಿದ್ದಾಗ ಎದುರು ಮನೆಯ ದರ್ಜಿಯ ಕಿಟಕಿ ಗಾಜಿಗೆ ಕಲ್ಲು ಬೀಸಿದಳು. ಅವನು ಕತ್ತರಿ ಹಿಡಿದೇ ಬೀದಿಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಇವಳ ಕಿವಿ ಹಿಡಿದು, ‘ಹಾಳಾದವಳೇ, ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ’ ಎಂದು ಶುರು ಮಾಡಿದೆ. ಹೆತ್ತವಳು ನನ್ನ ಮಗಳೇ, ಪಕ್ಕದಲ್ಲೇ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ಐದು ನಿಮಿಷವಾಗಿರಲಿಲ್ಲ, ದರ್ಜಿ ತಾನೇ ಮೆತ್ತಗಾದ. ‘ಹೋಗ್ಲಿ ಬಿಡಮ್ಮ, ಮಗು. ಗಾಜು ತಾನೆ’ ಎಂದು ಇವಳ ತಲೆ ಸವರಿ ಹೋದ. ಎದುರಿನವನ ಹೊಟ್ಟೆಯಲ್ಲಿರುವ ಕೋಪವನ್ನು ನಾವೇ ಮೊದಲು ಉಗುಳಿ ಖಾಲಿ ಮಾಡಿದರೆ ಅವನಿಗೆ ಕರುಣೆಯಲ್ಲದೆ ಬೇರೇನು ಉಳಿಯುತ್ತದೆ? ನಿಮ್ಮ ಕಾಗದಕ್ಕೂ ಹಾಗೇ ಬರೆದೆ. ಓದಿದವರು ‘ಅಯ್ಯೋ, ಅಷ್ಟೊಂದು ಅನ್ನಬೇಡಿ ತಾಯಿ’ ಎನ್ನಲಿ ಎಂದು ಬರೆದೆ. ನೀವು ಎಂಥ ಜನ, ಅಂಕ ಹಾಕಿದಿರಿ.

ಬರೆದದ್ದೆಲ್ಲ ತೋರಿಕೆಗೆ. ಒಂದೂ ನಿಜವಲ್ಲ. ಈಗ ಬೇರೆ ಬರೆದು ಇದರ ಜೊತೆಗೇ ಇಟ್ಟಿದ್ದೇನೆ, ಅದನ್ನು ಹಿಡಿದು ಮತ್ತೆ ಲೆಕ್ಕ ಹಾಕಿ.

ನಾಲ್ಕು ಮೆಚ್ಚುವ ಮಾತಿನ ಪಟ್ಟಿಯನ್ನು ಲಾಂಡ್ರಿಯಲ್ಲಿ ನನ್ನ ಪಕ್ಕದ ಮೇಜಿನವಳಿಗೆ ಓದಿಹೇಳಿದೆ. ಅವಳು, ‘ನಿಮ್ಮ ಬಾಯಿಗೆ ನಾಲ್ಕು ಹೊಗಳಿಕೆ ಹೊಂದಿಸೋಕೆ ಬೇರೆ ಊರಿಂದ ತರಿಸ್ಬೇಕು ಅಜ್ಜಿ’ ಎಂದಳು. ಪಟ್ಟಿಯನ್ನು ಇಸ್ತ್ರಿ ಪೆಟ್ಟಿಗೆಯ ಬಿಸಿ ನೋಡಲು ಬಳಸಿದೆ. ಚೆನ್ನಾಗಿ ಕಂದಿತು.

ಅಜ್ಜಿ

—

ಏಪ್ರಿಲ್ ೧೧

ಮಾನ್ಯರೇ,

ತಮ್ಮ ಎರಡನೇ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ. ಅದರ ಆಧಾರದ ಮೇಲೆ ಅಂಕ ಬದಲಿಸಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ಫಲಿತಾಂಶ ತಿಳಿಯುವ ಮೊದಲು ಕೊಟ್ಟ ಹೇಳಿಕೆ ಸಹಜವಾದದ್ದು. ತಿಳಿದ ಮೇಲೆ ಬರುವ ಹೇಳಿಕೆಯಲ್ಲಿ ಮನೆಯವರನ್ನು ಕಾಪಾಡುವ ಉದ್ದೇಶ ಸೇರಿರುತ್ತದೆ. ಅಂಥದ್ದನ್ನು ಹೇಗೆ ಪರಿಗಣಿಸಬೇಕೆಂದು ನಮ್ಮ ಕೈಪಿಡಿಯಲ್ಲಿ ಸ್ಪಷ್ಟವಾಗಿದೆ. ಮರುಪರಿಶೀಲನೆ ಸೆಪ್ಟೆಂಬರಿನಲ್ಲಿ.

ತರಗತಿಯಲ್ಲಿ ಮೊದಲ ನಾಲ್ಕು ದಿನ ಆಕೆ ಮಾತನಾಡುತ್ತಿದ್ದರು, ಒಮ್ಮೆ ಎಲ್ಲರನ್ನೂ ನಗಿಸಿದರೆಂದೂ ವರದಿಯಲ್ಲಿದೆ. ಮೊನ್ನೆ ಮಂಗಳವಾರದಿಂದ ಒಂದು ಮಾತೂ ಆಡಿಲ್ಲ. ಕೇಳಿದ್ದಕ್ಕೆ ತಲೆಯನ್ನೂ ಅಲ್ಲಾಡಿಸಿಲ್ಲ. ಇದನ್ನು ಬದಲಾವಣೆಗೆ ಒಡ್ಡುವ ಪ್ರತಿರೋಧವೆಂದು ಗುರುತಿಸಲಾಗಿದೆ. ತಮ್ಮ ಮೊದಲ ಹೇಳಿಕೆಯಲ್ಲಿ ಕೋಪದ ಬಗ್ಗೆ ಬರೆದಿದ್ದಕ್ಕೆ ಇದು ಹೊಂದುತ್ತದೆ. ದಯವಿಟ್ಟು ಆಕೆಗೆ ಬುದ್ಧಿ ಹೇಳಿ.

ಮೇಲ್ವಿಚಾರಣಾಧಿಕಾರಿ, ವಿಭಾಗ ಮೂರು

—

ಏಪ್ರಿಲ್ ೨೮, ಸೋಮವಾರ

ಸಾಹೇಬರಿಗೆ,

ನಿನ್ನೆ ಮೊಮ್ಮಗಳು ರೈಲು ಹತ್ತಿ ಬಂದಿದ್ದಳು. ಒಂದು ಹಗಲು ಇದ್ದು ಹೋದಳು.

ಕೈ ಸ್ವಚ್ಛವಾಗಿತ್ತು. ನಿಮಗೆ ಇದು ಅರ್ಥವಾಗಲಿಕ್ಕಿಲ್ಲ. ಹದಿನೆಂಟು ವರ್ಷಕ್ಕೆ ಟಯರು ಮುಟ್ಟಿದವಳು, ಐದು ವರ್ಷದಿಂದ ಅವಳ ಉಗುರಿನ ಸುತ್ತ ಕಪ್ಪು ಗೆರೆ ನೋಡಿಯೇ ನನಗೆ ರೂಢಿ. ನಿನ್ನೆ ತಟ್ಟೆಯ ಮುಂದೆ ಕೂತಾಗ ನೋಡಿದರೆ ಮದುಮಗಳ ಕೈ ಹಾಗಿದೆ.

‘ಡಿಪೋ ಏನಾಯ್ತೇ?’ ಎಂದೆ.

‘ವಾರಕ್ಕೆ ಮೂರು ದಿನ ಅರ್ಧಕ್ಕೆ ಎದ್ದು ಹೋಗೋರಿಗೆ ಶಿಫ್ಟು ಹಾಕಲ್ಲ ಅಂದ್ರು.’

‘ಯಾವಾಗಿಂದ?’

‘ಹದಿನೈದು ದಿನ ಆಯ್ತು. ಸಾರು ಬಡಿಸ್ತೀಯೋ, ಪ್ರಶ್ನೆನೇ ಬಡಿಸ್ತೀಯೋ?’

ಕೆಲಸವಿಲ್ಲದವಳು ದಾರಿ ತಪ್ಪುತ್ತಾಳೆ ಎಂದು ನಿಮ್ಮ ಅಳತೆಗೋಲಿನಲ್ಲೇ ಇರಬೇಕಲ್ಲ. ಇದ್ದ ಕೆಲಸವನ್ನು ನೀವೇ ಕಳೆದು, ಆಮೇಲೆ ಕೆಲಸವಿಲ್ಲ ಎಂದು ಎರಡು ಅಂಕ ಹೆಚ್ಚಿಗೆ ಹಾಕುತ್ತೀರಾ? ಹಾಕಿ. ನಿಮ್ಮ ಕೈ ತಡೆಯುವವರು ಯಾರಿದ್ದಾರೆ.

ಇನ್ನೂ ಒಂದು ವಿಷಯ ಅವಳು ಹೇಳಿದಳು. ಅದನ್ನು ನಿಮಗೆ ಹೇಳುವುದಿಲ್ಲವೆಂದು ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೇನೆ. ಹಾಗಾಗಿ ಕೇಳುವುದಷ್ಟೇ. ನೀವು ಹೇಳುವ ಆ ತರಗತಿಯೊಳಗೆ ಒಂದು ದಿನವಾದರೂ ಕಾಲಿಟ್ಟಿದ್ದೀರಾ? ಯಾವ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಕಣ್ಣಿಂದ ನೋಡಿದ್ದೀರಾ?

ಅಜ್ಜಿ

—

ಮೇ ೯

ಮಾನ್ಯರೇ,

ವಿಷಯ: ಷರತ್ತು ಉಲ್ಲಂಘನೆ.

ಮೇ ೬ರ ಮಂಗಳವಾರ ತರಗತಿ ನಡೆಯುತ್ತಿರುವಾಗಲೇ ತಮ್ಮ ಮೊಮ್ಮಗಳು ಕುರ್ಚಿಯನ್ನು ಒದ್ದು ಎದ್ದುಹೋಗಿದ್ದಾರೆ. ಇಂದು ಶುಕ್ರವಾರವೂ ಬಂದಿಲ್ಲ. ಕಾರಣ ಕೇಳಿದರೆ ಉತ್ತರಿಸಿಲ್ಲ. ಹೆಚ್ಚು ಅಪಾಯದ ವರ್ಗದವರ ವಿಷಯದಲ್ಲಿ ತಕ್ಷಣ ನ್ಯಾಯಾಲಯಕ್ಕೆ ತಿಳಿಸಬೇಕೆಂಬುದು ನಿಯಮ. ಜೂನ್ ೧೨ಕ್ಕೆ ವಿಚಾರಣೆ ನಿಗದಿಯಾಗಿದೆ. ಉಲ್ಲಂಘನೆ ಸಾಬೀತಾದರೆ ಉಳಿದ ಇಪ್ಪತ್ತು ತಿಂಗಳನ್ನು ಜೈಲಿನಲ್ಲಿ ಕಳೆಯಬೇಕಾಗಬಹುದು.

ಕುರ್ಚಿಗಳ ಬಗ್ಗೆ ಕೇಳಿದ್ದೀರಿ. ತರಗತಿಯನ್ನು ಬೇರೊಂದು ಸಂಸ್ಥೆ ನಡೆಸುತ್ತದೆ. ಬರುವವರ ಗೌಪ್ಯತೆಗಾಗಿ ಅಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ನನಗೆ ಬರುವುದು ಹಾಜರಿಯ ಹಾಳೆ. ನನ್ನ ಬಳಿ ಎಪ್ಪತ್ತೆಂಟು ಜನರಿದ್ದಾರೆ.

ಮೇಲ್ವಿಚಾರಣಾಧಿಕಾರಿ, ವಿಭಾಗ ಮೂರು

—

ಮೇ ೧೩, ಮಂಗಳವಾರ

ಸಾಹೇಬರಿಗೆ,

ಮಾತು ಮುರಿಯುತ್ತಿದ್ದೇನೆ. ಅವಳಿಗೆ ತಿಳಿದರೆ ನನ್ನ ಮುಖ ನೋಡಲಿಕ್ಕಿಲ್ಲ. ನೋಡದಿದ್ದರೂ ಹೊರಗಿದ್ದುಕೊಂಡೇ ನೋಡದಿರಲಿ.

ನಿಮ್ಮ ತರಗತಿಯಲ್ಲಿ ಅವಳ ಹಿಂದಿನ ಕುರ್ಚಿಯಲ್ಲಿ ಜಿಗಣೆ ಕೂರುತ್ತಾನೆ. ಹನ್ನೊಂದು ಬ್ಯಾಟರಿ ಹೊತ್ತವನು. ‘ಅವನ ಜೊತೆ ಮಾತಾಡಕೂಡದು, ಅವನಿದ್ದಲ್ಲಿ ಇರಕೂಡದು’ ಎಂದು ನ್ಯಾಯಾಧೀಶರು ಅವಳಿಗೆ ಬರೆದುಕೊಟ್ಟಿದ್ದಾರಲ್ಲ, ಅದೇ ಅವನು. ಜೈಲಿನಿಂದ ಬಿಟ್ಟಮೇಲೆ ಅವನಿಗೂ ನೀವು ಅಂಕ ಹಾಕಿರಬೇಕು. ಅವನಿಗೂ ಹೆಚ್ಚೇ ಬಂದಿರಬೇಕು. ಏಪ್ರಿಲ್ ಎಂಟರಿಂದ ಬರುತ್ತಿದ್ದಾನೆ. ಇವಳು ಬಾಯಿ ಮುಚ್ಚಿದ್ದು ಯಾವತ್ತಿನಿಂದ ಎಂದು ನೀವೇ ಬರೆದಿದ್ದೀರಿ, ಹಳೆಯ ಕಾಗದ ತೆಗೆದು ನೋಡಿ.

ಅವಳು ಇಲ್ಲಿಗೆ ಬಂದಾಗ ಇದನ್ನೇ ಹೇಳಿದ್ದು. ‘ಸಾಹೇಬರಿಗೆ ಹೇಳು’ ಎಂದೆ.

‘ಹೇಳಿದ್ರೆ ಆರು ಸಲ ಅವನ ಜೊತೆ ಒಂದೇ ಕೋಣೆಲಿ ಕೂತಿದ್ದೆ ಅಂತ ನಾನೇ ಬರ್ಕೊಟ್ಟ ಹಾಗೆ. ಹೋದ್ರೆ ಅವನ ಜೊತೆ ಇದ್ದ ತಪ್ಪು, ಹೋಗ್ದಿದ್ರೆ ಹೋಗ್ದ ತಪ್ಪು. ಮಾತಾಡ್ದೆ ಕೂತ್ರೆ ಅರ್ಧ ತಪ್ಪಾದ್ರೂ ಕಮ್ಮಿ ಆಗತ್ತೆ ಅಜ್ಜಿ.’

‘ಆ ಹಾಳುಮುಖದವನು ಸುಮ್ಮನಿರ್ತಾನಾ?’

‘ಕುರ್ಚಿ ಕಾಲಿಗೆ ಬೂಟಲ್ಲಿ ಕುಟ್ತಾ ಇರ್ತಾನೆ. ಎರಡು ಗಂಟೆ ಪೂರ್ತಿ.’

ಇನ್ನು ಮೇ ಆರರ ಕತೆ. ಅವಳು ಲಾಂಡ್ರಿಯ ಫೋನಿಗೆ ಮಾಡಿ ಹೇಳಿದ್ದು. ಕಲಿಸುವವಳು ಇಬ್ಬಿಬ್ಬರನ್ನು ಜೋಡಿ ಮಾಡಿ ನಾಟಕ ಆಡಿಸಿದಳಂತೆ. ಪಾಠ ಯಾವುದು ಗೊತ್ತೇ? ಕೆಟ್ಟ ಗೆಳೆಯನಿಗೆ ‘ಇಲ್ಲ’ ಎನ್ನುವುದು ಹೇಗೆ ಎಂಬುದು. ಸಂಖ್ಯೆ ನೋಡಿ ಜೋಡಿ ಕೂಡಿಸಿದಳು. ಕೆಟ್ಟ ಗೆಳೆಯನ ಪಾತ್ರ ಜಿಗಣೆಗೆ ಬಂತು. ಅವನು ಎದುರು ಬಂದು ನಿಂತು, ಕೈ ಚಾಚಿ, ‘ಕೀಲಿ ಕೊಡೇ ಬೋಲ್ಟು’ ಎಂದ. ಕಲಿಸುವವಳು ‘ಎಷ್ಟು ಸಹಜವಾಗಿ ಮಾಡ್ತಾ ಇದೀರಿ, ಮುಂದುವರಿಸಿ’ ಎಂದಳಂತೆ. ಇವರಿಬ್ಬರ ಕತೆ ಗೊತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರಂತೆ.

ಕುರ್ಚಿ ಒದ್ದಳು ಎಂದು ಬರೆದಿದ್ದೀರಿ. ನಾನಾಗಿದ್ದರೆ ಎತ್ತಿ ಎಸೆಯುತ್ತಿದ್ದೆ.

ಹೊಲಸು ಕಂಡು ಬೆಳೆದವಳು ನಾನು, ಹೇಸಿಗೆ ಸುಲಭಕ್ಕೆ ಹತ್ತುವುದಿಲ್ಲ. ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ. ಕೊಳೆತದ್ದನ್ನು ಬೇರೆ ಬುಟ್ಟಿಗೆ, ಚೆನ್ನಾಗಿದ್ದನ್ನು ಬೇರೆ ಬುಟ್ಟಿಗೆ ಹಾಕಬೇಕೆಂದು ತರಕಾರಿ ಮಾರುವ ಹೆಂಗಸಿಗೆ ಗೊತ್ತು. ಆಸ್ಪತ್ರೆಯವರು ಅಂಟುರೋಗದ ಚಾದರಕ್ಕೆ ಕೆಂಪು ಚೀಲ ಕಟ್ಟಿ ಕಳಿಸುತ್ತಾರೆ. ಇಷ್ಟು ಓದಿ, ಇಷ್ಟು ಅಳತೆಗೋಲು ಇಟ್ಟುಕೊಂಡು, ನೀವು ಎಲ್ಲವನ್ನೂ ಒಂದೇ ತೊಟ್ಟಿಗೆ ತುಂಬಿ ಮುಚ್ಚಳ ಹಾಕಿದ್ದೀರಿ. ಮೇಲೆ ಚೀಟಿ ಬೇರೆ, ‘ಸುಧಾರಣೆ’ ಎಂದು. ಎಪ್ಪತ್ತೆಂಟು ಜನರಂತೆ. ನಾನು ದಿನಕ್ಕೆ ನೂರಿಪ್ಪತ್ತು ಕೋಟು ಮುಟ್ಟುತ್ತೇನೆ, ಯಾವುದರ ಗುಂಡಿ ಕಿತ್ತಿದೆ ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ.

ಜೂನ್ ಹನ್ನೆರಡಕ್ಕೆ ಮೊದಲು ಹೋಗಿ ನೋಡಿ. ಕಣ್ಣಿದ್ದರೆ.

ಅಜ್ಜಿ

—

ಜೂನ್ ೩, ಮಂಗಳವಾರ

ಸಾಹೇಬರಿಗೆ,

ಮೂರು ವಾರವಾಯಿತು. ಉತ್ತರವಿಲ್ಲ. ಉಲ್ಲಂಘನೆ ಬರೆಯುವಾಗ ಮೂರೇ ದಿನ ಸಾಕಾಗಿತ್ತು ನಿಮಗೆ.

ಅವಳೂ ಫೋನು ಮಾಡಿಲ್ಲ. ನಾನು ಹೇಳಿದ್ದು ತಿಳಿಯಿತೋ, ನೀವು ಕಾಗದವನ್ನು ಒಡೆದೇ ನೋಡಲಿಲ್ಲವೋ, ಅದೂ ಗೊತ್ತಿಲ್ಲ. ಅಂಚೆಯವನು ನನ್ನನ್ನು ಕಂಡರೆ ಈಗ ಆಚೆ ಬದಿಯ ಬೀದಿಯಲ್ಲಿ ನಡೆಯುತ್ತಾನೆ. ಕಾಗದವಿಲ್ಲ ಎಂದು ಹೇಳಿದ್ದಕ್ಕೆ ಅವನಿಗೂ ಬೈಗುಳ ಬಿದ್ದಿದೆ.

ಇನ್ನು ಒಂಬತ್ತು ದಿನವಿದೆ. ನನಗೆ ಬೇಡಿಕೊಳ್ಳಲು ಬರುವುದಿಲ್ಲ. ಬಂದಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಅಜ್ಜಿ

—

ಜೂನ್ ೧೪, ಶನಿವಾರ

ಅಜ್ಜಿಯವರಿಗೆ,

ಇದು ಕಚೇರಿಯ ಪತ್ರವಲ್ಲ. ಮನೆಯಲ್ಲಿ ಕೂತು ಕೈಯಲ್ಲೇ ಬರೆಯುತ್ತಿದ್ದೇನೆ, ಇದಕ್ಕೆ ಪ್ರತಿಯಿಲ್ಲ.

ಮೊದಲು ಮುಖ್ಯ ವಿಷಯ. ಅವಳು ಜೈಲಿಗೆ ಹೋಗಲಿಲ್ಲ. ಉಲ್ಲಂಘನೆಯ ದೂರನ್ನು ವಾಪಸು ತೆಗೆದುಕೊಳ್ಳಲಾಯಿತು. ತರಗತಿ ರದ್ದಾಗಿದೆ. ಇನ್ನು ಎರಡು ತಿಂಗಳಿಗೊಮ್ಮೆ ಫೋನಿನಲ್ಲಿ ‘ಇದ್ದೇನೆ’ ಎಂದರೆ ಸಾಕು.

ನಿಮ್ಮ ಮೇ ಹದಿಮೂರರ ಕಾಗದ ಬಂದ ಮೇಲಿನ ಶುಕ್ರವಾರ ನಾನು ತರಗತಿಗೆ ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಹಳದಿ ಬಣ್ಣದ ಗೋಡೆ, ಹದಿಮೂರು ಕುರ್ಚಿ, ಒಂದು ಖಾಲಿ. ಅದರ ಹಿಂದೆ ಕೂತಿದ್ದವನು ಆ ಖಾಲಿ ಕುರ್ಚಿಯ ಕಾಲಿಗೇ ಬೂಟಿನಲ್ಲಿ ಕುಟ್ಟುತ್ತಿದ್ದ. ಸಂಸ್ಥೆಯವರಿಂದ ಎರಡು ಸಂಖ್ಯೆಗಳ ಹಿಂದಿನ ಹೆಸರು ತೆಗೆಸಲು ಹದಿನೇಳು ದಿನ ಬೇಕಾಯಿತು. ಆ ಹೊತ್ತಿನಲ್ಲಿ ನಿಮಗೆ ಬರೆಯಬಹುದಿತ್ತು. ತಪ್ಪು ನಮ್ಮದೇ ಎಂದು ಖಚಿತವಾಗದೆ ಬರೆಯಬಾರದೆಂದು ಮೇಲಿನವರು ಹೇಳಿದರು, ನಾನು ಬರೆಯಲಿಲ್ಲ. ಅದರ ಬಗ್ಗೆ ನೀವು ಏನು ಅಂದರೂ ಸರಿ.

ನಾವು ಓದುವ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇದೆ ಅಜ್ಜಿ. ಕಡಿಮೆ ಅಪಾಯದವರನ್ನು ಹೆಚ್ಚಿನವರ ಜೊತೆ ಕೂರಿಸಬೇಡಿ, ಅವರ ಕೆಲಸ ಕೆಡಿಸಬೇಡಿ, ಆದಷ್ಟು ಅವರ ಪಾಡಿಗೆ ಬಿಡಿ ಎಂದು ಮೊದಲ ಅಧ್ಯಾಯದಲ್ಲೇ ಇದೆ. ನಿಮ್ಮ ಮಾರ್ಚ್ ನಾಲ್ಕರ ಹೇಳಿಕೆಯನ್ನು ಬದಿಗಿಟ್ಟು ಲೆಕ್ಕ ಹಾಕಿದೆ. ಒಂಬತ್ತು ಅಂಕ ಬಂತು. ನಲವತ್ತಕ್ಕೆ ಒಂಬತ್ತು.

ಈಗ ಹೇಳಲು ಕಷ್ಟವಾದದ್ದು. ಮೂವತ್ತೊಂದು ಅಂಕ ಎಲ್ಲಿಂದ ಬಂತೆಂದು ನ್ಯಾಯಾಧೀಶರು ಕೇಳಿದರು. ನಿಮ್ಮ ಹೇಳಿಕೆಯನ್ನು ಓದಿಹೇಳಬೇಕಾಯಿತು. ಗುಮಾಸ್ತ ಎದ್ದುನಿಂತು, ಪೂರ್ತಿ, ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಓದಿದರು. ಶನಿ. ಶುದ್ಧ ಸೋಮಾರಿ. ಬಾಗಿಲನ್ನೇ ಕಿತ್ತು ಕಳಿಸುತ್ತಾಳೆ. ಯಾರೂ ನಗಲಿಲ್ಲ. ನ್ಯಾಯಾಧೀಶರು ಅವಳನ್ನು, ‘ಇದು ನಿಮ್ಮ ಅಜ್ಜಿಯ ಮಾತೇ?’ ಎಂದು ಕೇಳಿದರು. ಅವಳು, ‘ಹೌದು. ಆದ್ರೆ ಅದನ್ನ ಹಂಗೆ ಓದಬಾರ್ದು’ ಎಂದಳು. ಹೇಗೆ ಓದಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮುಗಿದ ಮೇಲೆ ಅವಳು ನನ್ನ ಬಳಿ ಆ ಹೇಳಿಕೆಯ ಒಂದು ಪ್ರತಿ ಕೇಳಿದಳು. ಕೊಡಬೇಕಾದ್ದು ನಿಯಮ, ಕೊಟ್ಟೆ.

ಡಿಪೋದವರು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿದೆ. ಎರಡು ಸಲ ಹೋಗಿ ಕೇಳಿದೆ. ಆಗಲಿಲ್ಲ.

ಕೊನೆಗೊಂದು. ನೀವು ಸಾಹೇಬರಿಗೆ ಎಂದು ಬರೆಯುತ್ತೀರಿ. ನಾನು ಹೆಂಗಸು. ಮೊದಲೇ ಹೇಳಬಹುದಿತ್ತು, ಅದಕ್ಕಿಂತ ಮೊದಲು ತಿದ್ದಬೇಕಾದ ತಪ್ಪುಗಳಿದ್ದವು.

ವಿಭಾಗ ಮೂರರವಳು

—

ಜುಲೈ ೯, ಬುಧವಾರ

ವಿಭಾಗ ಮೂರರವಳಿಗೆ,

ಹೆಂಗಸಾಗಿದ್ದೂ ಬೈಗುಳದ ಅರ್ಥ ತಿಳಿಯಲಿಲ್ಲವೇ ನಿನಗೆ ಎಂದು ಮೊದಲು ಬರೆಯಲು ಕೂತೆ. ಆ ಹಾಳೆ ಹರಿದೆ. ಹದಿನೇಳು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಏನು ಬೇಕಾದರೂ ಅನ್ನಬಹುದು ಎಂದಿದ್ದೀಯ. ನೀನು ಹಾಗೆ ಅಪ್ಪಣೆ ಕೊಟ್ಟಮೇಲೆ ಬೈಯಲು ರುಚಿಯಿಲ್ಲ. ತಿಂಗಳಿಂದ ನನ್ನ ಬಾಯಿಯೇ ನನಗೆ ಹೇಸಿಗೆಯಾಗಿದೆ. ಆ ಗುಮಾಸ್ತನ ದನಿಯಲ್ಲಿ ನನ್ನ ಮಾತು ಹೇಗೆ ಕೇಳಿರಬಹುದೆಂದು, ಮೇಜಿನ ಮುಂದೆ ನಿಂತು ನಾನೇ ಒಂದು ಸಲ ನೆನಪಿನಿಂದ ಗಟ್ಟಿಯಾಗಿ ಒಪ್ಪಿಸಿದೆ. ಪಕ್ಕದ ಮೇಜಿನವಳು ಕೆಲಸ ನಿಲ್ಲಿಸಿ, ‘ಯಾರ ಬಗ್ಗೆ ಅಜ್ಜಿ ಇದು? ಯಾವ ಪಾಪಿ?’ ಎಂದಳು. ಅಷ್ಟು ಸಾಕಾಯಿತು.

ನಿನ್ನ ತಕ್ಕಡಿ ಸರಿ ಇತ್ತು ಎನ್ನುತ್ತೀಯ. ಇರಬಹುದು. ಕಲ್ಲು ಹಾಕಿದವಳು ನಾನು, ಕಲ್ಲೋ ಹಣ್ಣೋ ಎಂದು ನೋಡದೆ ತೂಗಿದವಳು ನೀನು.

ಮೊಮ್ಮಗಳು ಜುಲೈ ಒಂದಕ್ಕೆ ಪೆಟ್ಟಿಗೆ ಸಮೇತ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ‘ಜಾಗ ಇದ್ಯಾ?’ ಎಂದಳು, ಗೋಡೆ ಕಡೆ ಹಾಸಿಗೆ ಹಾಕಿ ಮಲಗಿದಳು. ಮರುದಿನದಿಂದ ನನ್ನ ಜೊತೆ ಲಾಂಡ್ರಿಗೆ ಬರುತ್ತಿದ್ದಾಳೆ. ಒಗೆಯುವ ಯಂತ್ರ ಎರಡು ವರ್ಷದಿಂದ ಕುಂಟುತ್ತಿತ್ತು, ಅರ್ಧ ದಿನದಲ್ಲಿ ಬಿಚ್ಚಿ ಜೋಡಿಸಿದಳು. ಲಾಂಡ್ರಿಯ ಯಜಮಾನ ಮೆಚ್ಚಿದ. ಏಳು ದಿನ ನಾವಿಬ್ಬರೂ ‘ಇದು ಹಿಡಿ’, ‘ಅದು ಕೊಡು’ ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ.

ನಿನ್ನೆ ಮಧ್ಯಾಹ್ನ ಅವಳಿಗೆ ಇಸ್ತ್ರಿ ಕೊಟ್ಟಿದ್ದೆ. ಎಲ್ಲೋ ನೋಡುತ್ತಾ ದೊಡ್ಡ ಡಾಕ್ಟರ ಕೋಟಿನ ಬೆನ್ನಿನ ಮೇಲೆ ಪೆಟ್ಟಿಗೆ ಹಾಗೇ ಇಟ್ಟುಬಿಟ್ಟಳು. ವಾಸನೆ ಬಂದು ತಿರುಗಿದರೆ ಕಂದು ಬಣ್ಣದ ಗುರುತು, ನನ್ನ ಅಂಗೈ ಅಗಲ. ಬಾಯಿ ತೆರೆದೆ. ತೆರೆದದ್ದನ್ನು ಹಾಗೇ ಮುಚ್ಚಿದೆ. ಸ್ಪಂಜು ತಂದು ಉಜ್ಜತೊಡಗಿದೆ.

‘ಬೈಯಲ್ವಾ?’ ಎಂದಳು.

‘ಬೈದು ಅನುಭವಿಸಿದ್ದು ಸಾಲ್ದಾ?’

ಅವಳು ಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟಳು. ‘ಅಜ್ಜಿ, ಒಂದು ಕೇಳ್ತೀನಿ. ಸುತ್ತಿಬಳಸಬೇಡ. ಬೇರೆದೆಲ್ಲ ನಂಗೆ ಗೊತ್ತು, ಚಿಕ್ಕೋಳಿದ್ದಾಗಿಂದ ಕೇಳಿದೀನಿ. ಶನಿ, ಸೋಮಾರಿ, ಎಲ್ಲ. ಆ ಹದಿನೇಳನೇದು. ಮತ್ತೆ ಮಾಡ್ತೀನಿ ಅಂತ. ಅದೂ ದರ್ಜಿ ಮುಂದೆ ಬೈದ ಹಾಗೇನಾ?’

ಬರೆದದ್ದು ಒಂದೂ ನಿಜವಲ್ಲ ಎಂದು ನಿನಗೆ ಕಾಗದ ಬರೆದಿದ್ದೆನಲ್ಲ. ಅದು ಸುಳ್ಳು. ಉಳಿದ ಇಪ್ಪತ್ತಮೂರು ಪ್ರಶ್ನೆಗೆ ತೋರಿಕೆಗೆ ಬರೆದೆ. ಹದಿನೇಳನೇದಕ್ಕೆ ಬರೆಯುವಾಗ ಕೈ ತಾನಾಗಿ ಓಡಿತು. ಇಷ್ಟು ದಿನ ಅದನ್ನು ನನಗೇ ಹೇಳಿಕೊಂಡಿರಲಿಲ್ಲ. ಹೌದೇ ಹೌದು ದರ್ಜಿ ಮುಂದೆ ಬೈದ ಹಾಗೇ ಎಂದು ಹೇಳಿದ್ದರೆ ಅವಳು ನಂಬುತ್ತಿದ್ದಳು. ನಂಬುವ ಮುಖ ಮಾಡಿಕೊಂಡೇ ನಿಂತಿದ್ದಳು.

‘ಒಂದು ಚೂರು ಅನ್ಸಿತ್ತು ಕಣೇ’ ಎಂದೆ. ‘ಕೇಳಿದ ತಕ್ಷಣ ಕೀಲಿ ಕೊಟ್ಟೋಳು, ಇನ್ನೊಬ್ಬ ಕೇಳಿದ್ರೆ ಏನ್ ಕೊಡ್ತಾಳೋ ಅಂತ.’

ಅವಳು ಕೋಟಿನ ಸುಟ್ಟ ಜಾಗವನ್ನು ಉಗುರಿನಲ್ಲಿ ಕೆರೆದಳು.

‘ನಂಗೂ ಅನ್ಸಿತ್ತು’ ಎಂದಳು. ‘ಸ್ಪಂಜು ಇಲ್ಲಿ ಕೊಡು. ಹಂಗೆ ಉಜ್ಜಿದ್ರೆ ತೂತು ಬೀಳತ್ತೆ.’

ಕೊಟ್ಟೆ. ಇದಕ್ಕೆ ನಿಮ್ಮ ಕಾಗದದಲ್ಲಿ ಜಾಗವಿದ್ದರೆ ಬರೆದುಕೋ. ಆಗಸ್ಟಿನ ಫೋನನ್ನು ಅವಳೇ ಮಾಡುತ್ತಾಳೆ.

ಅಜ್ಜಿ